ಸೂಜಿ ಚಿಕಿತ್ಸೆಗೆ ಸರ್ಕಾರದ ದುಡ್ಡು: ತಗೋಬೇಕಾ, ಬೇಡ್ವಾ?

ಕೇಳುಗರೆ, ನಮಸ್ಕಾರ.

ನಾನು ಪ್ರಕೃತಿ ಚಿಕಿತ್ಸೆ ಓದಿ, ಆಮೇಲೆ ಸೂಜಿ ಹಿಡಿದವಳು. ಬೆಂಗಳೂರಿನಲ್ಲಿ ಅಕ್ಯುಪಂಕ್ಚರ್ ಕ್ಲಿನಿಕ್ಕಿಗೆ ಬರುವವರು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಒಂದು, "ನೋವಾಗುತ್ತಾ ಡಾಕ್ಟ್ರೇ?" ಇನ್ನೊಂದು, "ಕಾರ್ಡ್ ನಡೆಯುತ್ತಾ?" ಮೊದಲನೆಯದಕ್ಕೆ ಸೂಜಿ ತೋರಿಸಿದರೆ ಸಾಕು, ಅರ್ಧ ಭಯ ಹೋಗುತ್ತದೆ. ಎರಡನೆಯದಕ್ಕೆ ಇಲ್ಲ ಅನ್ನಬೇಕು.

ಕಾರ್ಡ್ ಅಂದರೆ ಆಯುಷ್ಮಾನ್ ಕಾರ್ಡ್. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡನ್ನೂ ಸೇರಿಸಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ಸೇರುವವರ ಯೋಜನೆ. ಸೂಜಿ ಹಾಕಿಸಿಕೊಂಡವರು ಅರ್ಧ ಗಂಟೆ ಮಲಗಿ, ಎದ್ದು, ಬಿಎಂಟಿಸಿ ಹತ್ತಿ ಮನೆಗೆ ಹೋಗುತ್ತಾರೆ. ಅವರನ್ನು ಯಾವ ಪ್ಯಾಕೇಜಿಗೆ ಸೇರಿಸೋದು?

ಸೇರಿಸಲೇಬೇಕು ಅಂದರೆ ಸುಮ್ನೆ ಅಡ್ಮಿಟ್ ಮಾಡಬೇಕಾಗುತ್ತದೆ. ಸೊಂಟನೋವಿಗೆ ಮೂರು ದಿನ ಹಾಸಿಗೆ! ಆ ದಾರಿ ನನಗೆ ಬೇಡವೇ ಬೇಡ. ಅದರಲ್ಲಿ ರೋಗಿಗೂ ನಷ್ಟ, ಬೊಕ್ಕಸಕ್ಕೂ ನಷ್ಟ.

ಹಾಗಾದರೆ ಸರಿಯಾದ ಬಾಗಿಲು ಯಾವುದು? ನನ್ನ ಪ್ರಕಾರ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಪೀಣ್ಯದ ಕಾರ್ಖಾನೆಗಳು, ಮೈಸೂರು ರಸ್ತೆಯ ಗಾರ್ಮೆಂಟ್ಸ್ ನೆನಪು ಮಾಡಿಕೊಳ್ಳಿ. ದಿನವಿಡೀ ಮೆಷೀನ್ ಮುಂದೆ ಬಗ್ಗಿ ಕೂತ ಹೆಣ್ಣುಮಕ್ಕಳ ಕುತ್ತಿಗೆ, ಸೊಂಟ, ಭುಜ ಏನಾಗಿರುತ್ತದೆ ಅಂತ ನನಗೆ ಗೊತ್ತು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರ ಸಂಬಳದಲ್ಲಿ ಇಎಸ್‌ಐಗೆ ನೂರಕ್ಕೆ 0.75 ಮುರಿಯುತ್ತಾರೆ. ಮಾಲೀಕರು 3.25 ಸೇರಿಸುತ್ತಾರೆ. ಅಲ್ಲಿ ಹೊರರೋಗಿಗಳಿಗೂ ಚಿಕಿತ್ಸೆ ಉಂಟು. ಅಂದರೆ ಇವರು ಆಗಲೇ ದುಡ್ಡು ಕಟ್ಟಿದ್ದಾರೆ, ಅಲ್ವಾ? ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿದೆ. ಕ್ಲಿನಿಕ್ಕಿನ ತನಕ ಬರುವುದಕ್ಕೆ ಖರ್ಚಿಲ್ಲ, ಒಳಗೆ ಕಾಲಿಟ್ಟರೆ ಖರ್ಚು.

ಸರ್ಕಾರದ ವಿಮೆ ಅಂದ ಕೂಡಲೆ ಸೂಜಿ ಹಾಕುವ ನಮ್ಮವರಲ್ಲಿ ಬಹಳ ಜನ "ಬೇಡಪ್ಪಾ" ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ದರ ಕಡಿಮೆ, ದುಡ್ಡು ತಡ ಅಂತ ಖಾಸಗಿ ಆಸ್ಪತ್ರೆಗಳೇ ಎಷ್ಟೋ ವರ್ಷದಿಂದ ದೂರುತ್ತಿವೆ. ದೊಡ್ಡ ಆಸ್ಪತ್ರೆ ಹೇಗೋ ತಡೆದುಕೊಳ್ಳುತ್ತದೆ. ಬಾಡಿಗೆ ಕಟ್ಟಿ, ಒಬ್ಬ ಸಹಾಯಕಿಗೆ ಸಂಬಳ ಕೊಡುವ ಒಂದು ಕೋಣೆಯ ಕ್ಲಿನಿಕ್ಕು ನಾಲ್ಕು ತಿಂಗಳು ಹೇಗೆ ಕಾಯಬೇಕು? ಇನ್ನೊಂದು ವಿಷಯ. ನಮ್ಮಲ್ಲಿ ಸೂಜಿ ಅಗ್ಗ, ಸಮಯ ದುಬಾರಿ. ದರ ಇಳಿದರೆ ಪರದೆ ಕಟ್ಟಿ ಹತ್ತು ಮಂಚ ಹಾಕಿ, ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟು ಓಡಾಡುವ ಆಸೆ ಬರುತ್ತದೆ. ನಾಡಿ ನೋಡುವವರು ಯಾರು, ಮಾತು ಕೇಳುವವರು ಯಾರು?

ಇಷ್ಟೆಲ್ಲ ಗೊತ್ತಿದ್ದೂ ನಾನು ತಗೋಬೇಕು ಅನ್ನುವ ಕಡೆ. ಯಾಕೆ ಅಂತ ಹೇಳಬೇಕಾದರೆ ಅಮೆರಿಕದ ಕಥೆ ಹೇಳಬೇಕು.

ಅಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. 2020ರ ಜನವರಿಯಲ್ಲಿ ಅದು ಮೊದಲ ಸಲ ಅಕ್ಯುಪಂಕ್ಚರಿಗೆ ದುಡ್ಡು ಕೊಡಲು ಒಪ್ಪಿತು. ಅದೂ ಒಂದೇ ತೊಂದರೆಗೆ: ಹನ್ನೆರಡು ವಾರ ಕಳೆದರೂ ಬಿಡದ ಸೊಂಟನೋವು. 90 ದಿನದಲ್ಲಿ 12 ಸಿಟ್ಟಿಂಗ್. ಸುಧಾರಿಸಿದರೆ ಇನ್ನೂ 8. ವರ್ಷಕ್ಕೆ 20 ದಾಟುವಂತಿಲ್ಲ. ಸುಧಾರಣೆ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಇದರಲ್ಲಿ ಒಂದು ವಿಚಿತ್ರವೂ ಇದೆ. ಅಲ್ಲಿ ವರ್ಷಗಟ್ಟಲೆ ಇದನ್ನೇ ಓದಿ ಲೈಸೆನ್ಸ್ ಪಡೆದ ಅಕ್ಯುಪಂಕ್ಚರಿಸ್ಟ್ ತಾನೇ ನೇರವಾಗಿ ಬಿಲ್ಲು ಹಾಕುವಂತಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು, ಬಿಲ್ಲು ಬೇರೆಯವರ ಹೆಸರಲ್ಲಿ ಹೋಗಬೇಕು. ಅಲ್ಲಿನವರಿಗೆ ಸಿಟ್ಟು ಬರುವುದು ಸಹಜವೇ.

ಆದರೂ ಆ "12 ಆದಮೇಲೆ ಏನಾಯಿತು ಹೇಳಿ" ಅನ್ನುವ ನಿಯಮ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಆ ಪ್ರಶ್ನೆ ಕೇಳುವವರೇ ಇಲ್ಲ. "ಇನ್ನೊಂದು ಹತ್ತು ಸಿಟ್ಟಿಂಗ್ ತಗೊಳ್ಳಿ" ಅನ್ನುತ್ತೇವೆ. ರೋಗಿ ಬರುವುದು ನಿಲ್ಲಿಸಿದರೆ ವಾಸಿಯಾಯಿತು ಅಂದುಕೊಳ್ಳುತ್ತೇವೆ. ನೋವು ಹೋಗಿ ನಿಲ್ಲಿಸಿದರೋ, ಕೈಯಲ್ಲಿ ಕಾಸು ಮುಗಿದು ನಿಲ್ಲಿಸಿದರೋ ಯಾರಿಗೆ ಗೊತ್ತು? ದುಡ್ಡು ಕೊಡುವವನು ಹೊರಗಿನವನಾದರೆ ಬರೆದಿಡಲೇಬೇಕು. ಮೊದಲ ದಿನ ಎಷ್ಟು ಹೊತ್ತು ಕೂರಲು ಆಗುತ್ತಿತ್ತು, ಹನ್ನೆರಡನೇ ಸಿಟ್ಟಿಂಗಿಗೆ ಎಷ್ಟು ಹೊತ್ತು. ಒಂದು ಹಾಳೆ ಸಾಕು.

ಹೀಗೆ ಲೆಕ್ಕ ಇಟ್ಟರೆ ನಮಗೆ ಮುಜುಗರವಾಗುವ ಸಂಗತಿಯೂ ಹೊರಬರುತ್ತದೆ. ಜರ್ಮನಿಯಲ್ಲಿ ಹಾಗೇ ಆಯಿತು. ಬಹುದಿನದ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರ ಹೇಳಿದ ಜಾಗದಲ್ಲಿ ಸೂಜಿ. ಇನ್ನೊಂದಕ್ಕೆ ಎಲ್ಲೋ ಬೇರೆ ಕಡೆ, ಮೇಲ್ಮೇಲೆ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4. ಇದು 2007ರಲ್ಲಿ ಪ್ರಕಟವಾಯಿತು. ನಮ್ಮವರು 47 ಮತ್ತು 27 ಮಾತ್ರ ಹೇಳುತ್ತಾರೆ. ನಮ್ಮನ್ನು ಆಡಿಕೊಳ್ಳುವವರು 47 ಮತ್ತು 44 ಮಾತ್ರ ಹೇಳುತ್ತಾರೆ. ಮೂರನ್ನೂ ಒಟ್ಟಿಗೆ ಹೇಳುವ ಧೈರ್ಯ ಬೇಕು. ಜರ್ಮನಿಯವರು ಮೂರನ್ನೂ ನೋಡಿದರು. ಸೊಂಟನೋವಿಗೆ, ಮೊಣಕಾಲಿನ ಸವೆತಕ್ಕೆ ವಿಮೆಯ ದುಡ್ಡು ಕೊಡುತ್ತೇವೆ, ತಲೆನೋವಿಗೆ ಇಲ್ಲ ಎಂದರು. ಅದನ್ನೂ ಅಕ್ಯುಪಂಕ್ಚರ್ ಕಲಿತ ವೈದ್ಯರೇ ಮಾಡಬೇಕು ಎಂದರು.

ಸೂಜಿ ಹಾಕುವವರು ಯಾರು ಅನ್ನುವ ಪ್ರಶ್ನೆ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಎಂದು ಒಪ್ಪಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳು ಇದಕ್ಕೆಂದೇ ಕಾನೂನು ಮಾಡಿಕೊಂಡಿವೆ. ಬೆಂಗಳೂರಿನಲ್ಲಿ ಒಂದೇ ರಸ್ತೆಯಲ್ಲಿ ಐದು ವರ್ಷ ಓದಿದವರ ಬೋರ್ಡೂ ಇರುತ್ತದೆ, ಕೆಲವೇ ವಾರದ ಕೋರ್ಸ್ ಮುಗಿಸಿದವರ ಬೋರ್ಡೂ ಇರುತ್ತದೆ. ರೋಗಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಮೆ ಬಂದರೆ ಮೊದಲು ಕೇಳುವುದೇ ನೋಂದಣಿ ಸಂಖ್ಯೆ. ನಮ್ಮವರಲ್ಲಿ ಕೆಲವರ ವಿರೋಧಕ್ಕೆ ಇದೇ ಕಾರಣ ಇರಬಹುದು ಅಂತ ನನಗೆ ಅನುಮಾನ. ಹೇಳಿಬಿಟ್ಟೆ, ಬೈದುಕೊಳ್ಳಲಿ.

ಶುರು ಮಾಡುವುದಾದರೆ ಚಿಕ್ಕದಾಗಿ ಮಾಡಲಿ. ಇಎಸ್‌ಐನವರು ಸೊಂಟನೋವು, ಮೊಣಕಾಲು ನೋವು ಎರಡಕ್ಕೆ ಮಾತ್ರ, 12 ಸಿಟ್ಟಿಂಗಿಗೆ ಒಂದು ದರ ಗೊತ್ತು ಮಾಡಲಿ. ಡಿಸ್ಪೆನ್ಸರಿಯ ಡಾಕ್ಟರು ಮೊದಲು ನೋಡಿ ಚೀಟಿ ಕೊಡಲಿ, ಯಾಕೆಂದರೆ ಎಲ್ಲ ಸೊಂಟನೋವೂ ಬರೀ ಸೊಂಟನೋವಲ್ಲ. ದಿನಕ್ಕೆ ಇಷ್ಟೇ ವಿಮೆ ರೋಗಿಗಳು ಅಂತ ಕ್ಲಿನಿಕ್ಕು ಮಿತಿ ಹಾಕಿಕೊಳ್ಳಲಿ. ಒಪ್ಪಂದದ ಕಾಗದದಲ್ಲಿ ಇನ್ನೊಂದು ಸಾಲು ಇರಲೇಬೇಕು: ಬಿಲ್ಲು ಕೊಟ್ಟು 60 ದಿನ ಆದರೂ ದುಡ್ಡು ಬರದಿದ್ದರೆ, ಕೈಯಲ್ಲಿರುವ ರೋಗಿಗಳ ಸಿಟ್ಟಿಂಗ್ ಮುಗಿಸಿಕೊಟ್ಟು, ಯಾವ ದಂಡವೂ ಇಲ್ಲದೆ ಹೊರಬರುವ ಹಕ್ಕು ಕ್ಲಿನಿಕ್ಕಿಗೆ ಇರುತ್ತದೆ ಅಂತ. ಆ ಸಾಲು ಇಲ್ಲದಿದ್ದರೆ ನಾನೂ ಸಹಿ ಹಾಕುವುದಿಲ್ಲ.

ನಮಸ್ಕಾರ.