ಮೊದಲು ಹಾಸಿಗೆ, ಆಮೇಲೆ ಸೂರು

ಕಾಡಿನಲ್ಲಿ ಒಂಟಿಯಾಗಿ ಗುಡಿಸಲು ಕಟ್ಟುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಹೊಳೆಯುವ ಕೊಡಲಿ, ಒಂದರ ಹಿಂದೊಂದು ಉರುಳುವ ಹಸಿ ಮರ, ಕೊನೆಗೆ ಬಾಗಿಲು ಕಿಟಕಿ ಸಮೇತ ಮನೆ! ಬಡಗಿ ಕೆಲಸ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ದಾರಿ ತಪ್ಪಿ, ಕತ್ತಲಾಗಿ, ಮೈ ನಡುಗುತ್ತಿರುವವನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅವನು ಮೊದಲು ನೋಡಿಕೊಳ್ಳಬೇಕಾದದ್ದು ಸೂರನ್ನಲ್ಲ, ನೆಲವನ್ನು.

ನಮ್ಮ ದೇವರಾಯನದುರ್ಗದ ಬಂಡೆಗಳನ್ನೇ ತೆಗೆದುಕೊಳ್ಳಿ. ಸಂಜೆ ಕುಳಿತರೆ ಹಗಲಿನ ಬಿಸಿಲು ಇನ್ನೂ ಬೆಚ್ಚಗೆ ತಾಗುತ್ತದೆ, ಇಲ್ಲೇ ಮಲಗಿಬಿಡೋಣ ಎನ್ನಿಸುತ್ತದೆ. ಧನುರ್ಮಾಸದ ನಡುರಾತ್ರಿ ಕಳೆಯಲಿ, ಅದೇ ಬಂಡೆ ಬೆನ್ನಿನ ಕಾವನ್ನು ಹೀರತೊಡಗುತ್ತದೆ. ತಲೆಯ ಮೇಲೆ ಎಷ್ಟೇ ದಪ್ಪ ಹೊದಿಕೆಯಿದ್ದರೂ ನಿದ್ದೆ ಬಾರದು. ಹಾಗಾಗಿ ಒಣ ತರಗೆಲೆ, ಬಾದೆ ಹುಲ್ಲು ಸಿಕ್ಕಷ್ಟನ್ನೂ ಮೊಣಕಾಲೆತ್ತರ ರಾಶಿ ಹಾಕಿ. ಮಲಗಿದಾಗ ಅದು ಕುಗ್ಗಿ ಗೇಣು ದಪ್ಪವಾದರೂ ಉಳಿಯಬೇಕು. ಚಳಿ ತಡೆಯುವುದು ಎಲೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಒದ್ದೆ ಎಲೆಗೆ ಆ ಗುಣವಿಲ್ಲ. ಬಾಚುವ ಮುನ್ನ ಉದ್ದನೆಯ ಕೋಲಿನಿಂದ ಕೆದಕಿ. ಈ ಕುರುಚಲು ಕಾಡಿನಲ್ಲಿ ಚೇಳು, ಕೊಳಕುಮಂಡಲಗಳಿಗೂ ತರಗೆಲೆಯೇ ಹಾಸಿಗೆ.

ಸೂರಿಗೆ ಹೆಚ್ಚು ಸಂಭ್ರಮ ಬೇಡ. ಸೊಂಟದೆತ್ತರದ ಎರಡು ಕವೆಗೋಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಅವು ಕೂಡುವಲ್ಲಿ ಉದ್ದನೆಯ ಗಳುವಿನ ಒಂದು ತುದಿ, ಇನ್ನೊಂದು ತುದಿ ನೆಲಕ್ಕೆ. ಇಬ್ಬದಿಗೂ ಕಡ್ಡಿಗಳನ್ನು ಒರಗಿಸಿ, ಮೇಲೆ ಸೊಪ್ಪು, ತರಗು ಹೇರಿ. ಇಳಿಜಾರು ಕಡಿದಾಗಿರಲಿ, ಇಲ್ಲದಿದ್ದರೆ ಮಳೆ ನೀರು ಒಳಗೇ ಸೋರುತ್ತದೆ. ಒಳಗೆ ಮೈ ಹಿಡಿಸುವಷ್ಟೇ ಜಾಗ ಸಾಕು. ಜಾಗ ಹೆಚ್ಚಿದಷ್ಟೂ ಅದನ್ನು ಬೆಚ್ಚಗಿಡಲು ನಿಮ್ಮ ಮೈಯ ಕಾವು ಸಾಲದು. ಒಳಗೆ ಬೆಂಕಿಯಂತೂ ಬೇಡವೇ ಬೇಡ, ನೀವು ಮಲಗಿರುವುದು ಒಣ ಹುಲ್ಲಿನ ಮೇಲೆ.

‘ಇಷ್ಟೆಲ್ಲ ಯಾಕೆ, ಅಂತರಗಂಗೆ ಬೆಟ್ಟದಲ್ಲಿ ಗುಹೆಗಳಿವೆಯಲ್ಲ?’ ಎನ್ನುವವರೂ ಇದ್ದಾರೆ. ಬಯಲುಸೀಮೆಯ ಬೆಟ್ಟಗಳಲ್ಲಿ ಕರಡಿ, ಚಿರತೆಗಳು ತಂಗುವುದೂ ಇಂಥ ಬಂಡೆಸಂದುಗಳಲ್ಲೇ. ಅವುಗಳ ಮನೆಗೆ ಕರೆಯದೆ ನುಗ್ಗಿ ಆತಿಥ್ಯ ನಿರೀಕ್ಷಿಸಬೇಡಿ.

ಇದನ್ನು ಕಲಿಯಲು ಕಾಡಿಗೆ ಹೋಗಬೇಕಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಮರ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ನಿಮ್ಮದೇ ತೋಟದ ಬೇಲಿಯಲ್ಲಿ ಹಬ್ಬಿದ ಲಂಟಾನ ಕಡಿಯಿರಿ, ಬೇಲಿಯೂ ಹಸನಾಗುತ್ತದೆ. ಕಟ್ಟಲು ಕತ್ತಾಳೆ ನಾರು, ಹೊದಿಸಲು ಬಿದ್ದ ತೆಂಗಿನ ಗರಿ. ಕಟ್ಟಿ ಮುಗಿದ ಮೇಲೆ ಯಾರನ್ನಾದರೂ ಒಳಗೆ ಮಲಗಿಸಿ, ಮೇಲಿನಿಂದ ಎರಡು ಬಿಂದಿಗೆ ನೀರು ಸುರಿಯಿರಿ. ಎಲ್ಲಿ ಸೋರುತ್ತದೆ ಎಂದು ಅವರೇ ಕೂಗಿ ಹೇಳುತ್ತಾರೆ.