ಕಳೆದುಹೋದ ಕಾಡಿನ ಲೆಕ್ಕ: ಬ್ರೆಜಿಲ್ ಮತ್ತು ಇಂಡೋನೇಷ್ಯಾ

ಮಾನ್ಯ ಸಭಿಕರೇ,

ಬ್ರೆಜಿಲ್ ಮತ್ತು ಇಂಡೋನೇಷ್ಯಾಗಳಲ್ಲಿ ಹೆಚ್ಚು ಕಾಡು ಕಳೆದುಕೊಂಡ ದೇಶ ಯಾವುದು ಎಂಬ ಪ್ರಶ್ನೆಗೆ ಉತ್ತರ ನಾವು ಹಿಡಿಯುವ ಅಳತೆಗೋಲಿನ ಮೇಲೆ ನಿಂತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2020ರ ವರದಿಯಂತೆ, 1990ರಲ್ಲಿ ಸುಮಾರು 58.9 ಕೋಟಿ ಹೆಕ್ಟೇರ್ ಇದ್ದ ಬ್ರೆಜಿಲ್‌ನ ಅರಣ್ಯ ಮೂವತ್ತು ವರ್ಷಗಳಲ್ಲಿ 49.7 ಕೋಟಿಗೆ ಇಳಿಯಿತು, ಇಂಡೋನೇಷ್ಯಾದ್ದು 11.85 ಕೋಟಿಯಿಂದ 9.2 ಕೋಟಿಗೆ ಇಳಿಯಿತು. ವಿಸ್ತೀರ್ಣದಲ್ಲಿ ಬ್ರೆಜಿಲ್‌ನ ನಷ್ಟ ಮೂರು ಪಟ್ಟಿಗೂ ಹೆಚ್ಚು. ಆದರೆ ಇದ್ದದ್ದರಲ್ಲಿ ಹೋದದ್ದೆಷ್ಟು ಎಂದು ನೋಡಿದರೆ ಬ್ರೆಜಿಲ್ ಶೇ 16ರಷ್ಟನ್ನೂ ಇಂಡೋನೇಷ್ಯಾ ಶೇ 22ರಷ್ಟನ್ನೂ ಕಳೆದುಕೊಂಡಿವೆ.

ಮೂವತ್ತು ವರ್ಷಗಳ ಮೊತ್ತಕ್ಕಿಂತ ಆ ವರ್ಷಗಳ ಏರಿಳಿತವೇ ನನಗೆ ಮುಖ್ಯವೆನಿಸುತ್ತದೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಅಮೆಜಾನ್ ಕಾಡಿನ ನಾಶವನ್ನು ಉಪಗ್ರಹ ಚಿತ್ರಗಳಿಂದ ವರ್ಷವರ್ಷವೂ ಅಳೆಯುತ್ತಿದೆ. 2004ರಲ್ಲಿ ಒಂದೇ ವರ್ಷಕ್ಕೆ ಸುಮಾರು 27,700 ಚದರ ಕಿಲೋಮೀಟರ್ ಕಾಡು ಬಿತ್ತು. 2012ರಲ್ಲಿ ಆ ಅಂಕಿ 4,600ಕ್ಕೂ ಕೆಳಗಿಳಿಯಿತು. ಇದು ತಾನಾಗಿ ಆದದ್ದಲ್ಲ. ಪರಿಸರ ಸಚಿವೆ ಮರೀನಾ ಸಿಲ್ವಾ ಅವರ ಕಾಲದಲ್ಲಿ 2004ರಲ್ಲಿ ಜಾರಿಗೆ ಬಂದ ಕ್ರಿಯಾಯೋಜನೆ, ಕಾಡು ಬೀಳುತ್ತಿರುವಾಗಲೇ ಸುಳಿವು ಕೊಡುವ ಉಪಗ್ರಹ ಎಚ್ಚರಿಕೆ, ಹೊಸದಾಗಿ ಕಡಿದ ಅಮೆಜಾನ್ ನೆಲದ ಸೋಯಾ ಕೊಳ್ಳುವುದಿಲ್ಲವೆಂದು 2006ರಲ್ಲಿ ವ್ಯಾಪಾರಿಗಳು ಮಾಡಿಕೊಂಡ ಒಪ್ಪಂದ, ಇವೆಲ್ಲ ಸೇರಿ ಆದದ್ದು. ಹಿಡಿತ ಸಡಿಲವಾದಾಗ, 2021ರಲ್ಲಿ, ನಾಶ ಮತ್ತೆ 13,000 ದಾಟಿತು. 2023ರಲ್ಲಿ ಸುಮಾರು 9,000ಕ್ಕೆ ಇಳಿಯಿತು.

ಇಂಡೋನೇಷ್ಯಾದ ಅಂಕಿಗಳನ್ನು ಇನ್ನೂ ಎಚ್ಚರದಿಂದ ಓದಬೇಕು. 1990ರ ದಶಕದಲ್ಲಿ ವರ್ಷಕ್ಕೆ ಸರಾಸರಿ 17 ಲಕ್ಷ ಹೆಕ್ಟೇರ್ ಇದ್ದ ನಷ್ಟ ಮುಂದಿನ ದಶಕದಲ್ಲಿ 1.6 ಲಕ್ಷಕ್ಕೆ ಕುಸಿದಂತೆ ಕಾಣುತ್ತದೆ. ಇದು ನಿವ್ವಳ ಲೆಕ್ಕ. ಹೋದದ್ದರಿಂದ ಬಂದದ್ದನ್ನು ಕಳೆದ ಮೇಲೆ ಉಳಿದದ್ದು. ಈ ಲೆಕ್ಕದಲ್ಲಿ ತಾಳೆ ಎಣ್ಣೆಯ ತೋಟ ಕಾಡಲ್ಲ, ಆದರೆ ಕಾಗದದ ತಿರುಳಿಗಾಗಿ ಬೆಳೆಸಿದ ಅಕೇಶಿಯಾ ನೆಡುತೋಪು ಕಾಡು. ಮಲೆನಾಡಿನಲ್ಲಿ ಅಕೇಶಿಯಾ ತೋಪಿನೊಳಗೆ ನಡೆದವರಿಗೆ ನೆಡುತೋಪಿಗೂ ಕಾಡಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಿಲ್ಲ: ಕಾಲಡಿಯಲ್ಲಿ ಒಣ ತರಗು, ಸಾಲುಸಾಲು ಒಂದೇ ಜಾತಿಯ ಮರ, ಅವುಗಳ ನಡುವೆ ಬೇರೇನೂ ಹೆಚ್ಚಾಗಿ ಬೆಳೆಯದ ನೆಲ.

ಇದಕ್ಕಿಂತ ದೊಡ್ಡ ವಿಷಯ ಅಲ್ಲಿನ ನೆಲದ್ದು. ಸುಮಾತ್ರಾ ದ್ವೀಪ ಮತ್ತು ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗವಾದ ಕಾಲಿಮಂತಾನ್‌ನ ಜೌಗು ಕಾಡುಗಳ ಕೆಳಗೆ, ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ತೊಗಟೆಗಳು ಹಲವು ಮೀಟರ್ ಆಳದವರೆಗೆ ಪದರುಗಟ್ಟಿವೆ. 1990ರ ದಶಕದ ನಡುವಿನಲ್ಲಿ, ಮಧ್ಯ ಕಾಲಿಮಂತಾನ್‌ನ ಇಂಥ ಹತ್ತು ಲಕ್ಷ ಹೆಕ್ಟೇರ್‌ನಲ್ಲಿ ಭತ್ತ ಬೆಳೆಯಲು ಸುಹಾರ್ತೊ ಸರ್ಕಾರ ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ನೀರು ಬಸಿದುಹೋಯಿತು, ಭತ್ತ ಕೈಗೆ ಬರಲಿಲ್ಲ, ಒಣಗಿದ ನೆಲಕ್ಕೆ 1997ರಲ್ಲಿ ಬೆಂಕಿ ಬಿತ್ತು. ಇಂಥ ಬೆಂಕಿ ಮಣ್ಣಿನೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. ಮೇಲೆ ನೀರು ಸುರಿದರೆ ಆರುವುದಿಲ್ಲ. 2015ರಲ್ಲಿ ದೇಶದಾದ್ಯಂತ ಮತ್ತೆ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು.

ಆದ್ದರಿಂದ ಕಾಲಿಮಂತಾನ್‌ನ ಒಂದು ಹೆಕ್ಟೇರನ್ನು ಅಮೆಜಾನ್‌ನಲ್ಲಿ ಹುಲ್ಲುಗಾವಲಾದ ಒಂದು ಹೆಕ್ಟೇರಿಗೆ ಸಮವೆಂದು ಕೂಡುವುದನ್ನು ನಾನು ಒಪ್ಪಲಾರೆ. 2016ರಲ್ಲಿ ಇಂಡೋನೇಷ್ಯಾ ಸರ್ಕಾರ ಸ್ಥಾಪಿಸಿದ ಸಂಸ್ಥೆಯೊಂದು ಅದೇ ಕಾಲುವೆಗಳಿಗೆ ಅಡ್ಡಗಟ್ಟೆ ಕಟ್ಟಿಸಿ ನೀರು ನಿಲ್ಲಿಸುವ ಕೆಲಸಕ್ಕೆ ಕೈಹಾಕಿತು. ನೀರು ನಿಂತರೆ ಬೆಂಕಿ ತಡೆಯಬಹುದು. ಆದರೆ ಆ ಪದರು ಬೆಳೆಯುವುದು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ.