ಬಟ್ಟಲನ್ನ ಬೋರಲು ಹಾಕಿ ನೋಡಿ

ನಮಸ್ಕಾರ. ಇವತ್ತಿಗೆ ಅಂತ ಬೇರೆ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಹೋದ ವಿಡಿಯೋ ಕೆಳಗೆ ಒಬ್ಬರು ಹಾಕಿದ ಕಾಮೆಂಟು ಮೂರು ದಿನದಿಂದ ನನ್ನ ತಲೆ ತಿಂತಿದೆ. ಓದ್ತೀನಿ ಕೇಳಿ: "ಮೇಡಂ, ಒಂದು ಬಿಳಿ ಬಟ್ಟಲಲ್ಲಿ ಡಿಸೈನ್ ಮಾಡೋಕೆ ಏನಿದೆ? ಹೂವಿಲ್ಲ, ಬಳ್ಳಿಯಿಲ್ಲ. ಏನೂ ಮಾಡದೆ ಬಿಟ್ಟಿದ್ದನ್ನೇ ಜಪಾನಿನವರು ಡಿಸೈನ್ ಅಂತ ಮಾರ್ತಾರೆ, ನೀವು ಅದನ್ನ ಹೊಗಳ್ತೀರಿ."

ಏನೂ ಮಾಡದೆ ಬಿಟ್ಟಿದ್ದು! ಸ್ವಾಮಿ, ನೀವು ಆ ಬಟ್ಟಲನ್ನ ಒಂದೇ ಒಂದು ಸಲ ಬೋರಲು ಹಾಕಿ ನೋಡಿದೀರಾ?

ನನ್ನ ಕೈಲಿರೋದು ಅನ್ನದ ಬಟ್ಟಲು. ನಾಗಾಸಾಕಿ ಪ್ರಾಂತ್ಯದ ಹಸಾಮಿ ಅನ್ನೋ ಊರಿಂದ ನಾನೇ ತಂದಿದ್ದು. ಬಾಯಗಲ ಹೆಚ್ಚುಕಮ್ಮಿ 12 ಸೆಂಟಿಮೀಟರ್, ಎತ್ತರ ಅದರರ್ಧ. ಎದುರಿಂದ ನೋಡಿದ್ರೆ ಬಿಳಿ ಬಟ್ಟಲು, ಅಷ್ಟೇ, ಒಪ್ತೀನಿ. ಈಗ ಬೋರಲು ಹಾಕ್ತೀನಿ. ತಳದಲ್ಲಿ ಒಂದು ಬಳೆ ಕಾಣ್ತಿದೆಯಾ? ಆಡಿಯೋ ಮಾತ್ರ ಕೇಳ್ತಿರೋರಿಗೆ ಹೇಳ್ತೀನಿ, ಎಳೆಮಗುವಿನ ಬಳೆಯಷ್ಟು ಅಗಲ, ಅರ್ಧ ಬೆರಳಗಲ ಎತ್ತರ. ಅವರು ಇದಕ್ಕೆ ಕೋದೈ ಅಂತಾರೆ. ನಮ್ಮ ಅಜ್ಜಿಯರು ಮಡಕೆ ಉರುಳದ ಹಾಗೆ ಕೆಳಗೆ ಸಿಂಬಿ ಇಡ್ತಿದ್ರಲ್ಲ, ಆ ಸಿಂಬಿಯನ್ನ ಬಟ್ಟಲಿಗೇ ಅಂಟಿಸಿದ ಹಾಗೆ.

ಕುಕ್ಕರಿಂದ ಈಗಷ್ಟೇ ತೆಗೆದ ಅನ್ನ ಇದರಲ್ಲಿ ಹಾಕಿದೀನಿ, ಹಬೆ ಆಡ್ತಿದೆ ನೋಡಿ. ಎಡಗೈಲಿ ಎತ್ತುತೀನಿ. ಹೆಬ್ಬೆರಳು ಬಾಯಂಚಿನ ಮೇಲೆ, ಉಳಿದ ಬೆರಳುಗಳು ಬಳೆಯ ಕೆಳಗೆ. ಬಟ್ಟಲಿನ ಹೊಟ್ಟೆಯನ್ನ ಯಾವ ಬೆರಳೂ ಮುಟ್ಟಿಲ್ಲ. ಬಲಗೈ ಬೆರಳಿಂದ ಹೊಟ್ಟೆ ಮುಟ್ಟಿದ್ರೆ ಚುರ್ ಅನ್ನುತ್ತೆ. ಎಡಗೈಗೆ ಮಾತ್ರ ಬರೀ ಬೆಚ್ಚಗೆ. ಆ ಬಳೆ ಇನ್ನೊಂಚೂರು ಗಿಡ್ಡವಾಗಿದ್ರೆ ಬೆರಳ ತುದಿ ತಳಕ್ಕೆ ತಗಲಿ ಸುಡ್ತಿತ್ತು. ಇನ್ನೊಂಚೂರು ಎತ್ತರವಾಗಿದ್ರೆ ಮೇಜಿನ ಮೇಲೆ ಬಟ್ಟಲು ಓಲಾಡ್ತಿತ್ತು. ಯಾರೋ ಒಬ್ಬರು ಕೂತು ಇದನ್ನ ಅಳೆದಿದಾರೆ, ಸ್ವಾಮಿ. ನಿಮ್ಮ ಕಣ್ಣಿಗೆ ಏನೂ ಕಾಣಲಿಲ್ಲ ಅಂದ್ರೆ ಅವರು ಕೆಲಸ ಮಾಡಿದ್ದು ಕಣ್ಣಿಗಲ್ಲ, ಕೈಗೆ.

ಕೈಗೆ ಯಾಕೆ ಅಂದ್ರೆ ಜಪಾನಿನಲ್ಲಿ ಅನ್ನದ ಬಟ್ಟಲನ್ನ ಕೈಗೆ ಎತ್ತಿಕೊಂಡೇ ಉಣ್ಣಬೇಕು. ಮೇಜಿನ ಮೇಲೇ ಬಿಟ್ಟು, ಬಗ್ಗಿ ಬಾಯಿಟ್ಟು ತಿಂದ್ರೆ ಅದಕ್ಕೆ ಇನುಗುಯಿ ಅಂತಾರೆ, ನಾಯಿ ತಿಂದ ಹಾಗೆ ಅಂತ. ಮಕ್ಕಳಿಗೆ ಮೊದಲು ಬೀಳೋ ಬೈಗುಳ ಅದು. ನಮ್ಮಲ್ಲಿ ಉಲ್ಟಾ! ತಟ್ಟೆ ಕೈಲಿ ಹಿಡ್ಕೊಂಡು ಉಂಡ್ರೆ "ಕೆಳಗಿಟ್ಟು ಕೂತು ಊಟ ಮಾಡೋ" ಅಂತ ಗದರಿಸಿಕೊಂಡು ಬೆಳೆದೋರು ನಾವು. ಪಕ್ಕದ ಕೊರಿಯಾಕ್ಕೆ ಹೋಗಿ, ಅಲ್ಲೂ ಅನ್ನದ ಬಟ್ಟಲು ಎತ್ತೋ ಹಾಗಿಲ್ಲ, ಚಮಚದಲ್ಲಿ ತಿಂತಾರೆ. ಅದಕ್ಕೇ ಅಲ್ಲಿ ಲೋಹದ ಬಟ್ಟಲು ನಡೆಯುತ್ತೆ, ಸುಟ್ರೂ ಮುಟ್ಟೋರು ಯಾರು? ಊಟದ ರೀತಿಯಿಂದ ಪಾತ್ರೆ ಹುಟ್ಟುತ್ತೆ. ಇದನ್ನ ಬಿಟ್ಟು ಹೂವು ಹುಡುಕ್ತಾ ಕೂತ್ರೆ ಏನು ಹೇಳೋದು?

ನನಗೆ ಇದು ಸುಮ್ಮನೆ ಹೊಳೆದದ್ದಲ್ಲ. ಮೂರು ವರ್ಷದ ಹಿಂದೆ ಆನ್‌ಲೈನಲ್ಲಿ ಒಂದು "ಜಪಾನೀ ಶೈಲಿ" ಸೆಟ್ ತರಿಸಿದ್ದೆ. ಮಣ್ಣಿನ ಬಣ್ಣ, ಒರಟು ಮೈ, ಫೋಟೋದಲ್ಲಿ ದೇವಸ್ಥಾನದ ಮೌನ. ತಳ ಮಾತ್ರ ಸಪಾಟು, ಬಳೆ ಗಿಳೆ ಏನಿಲ್ಲ. ಅಮ್ಮ ಬಂದಿದ್ರು. ಬಿಸಿ ಸಾರು ಹಾಕ್ಕೊಂಡು ಎರಡೂ ಕೈಲಿ ಎತ್ತಿದ್ರು, ಅಷ್ಟರಲ್ಲೇ ಕೈ ಬಿಟ್ರು. ಬಟ್ಟಲು ಒಡೀತು, ಸಾರು ಅವರ ಸೀರೆ ಮೇಲೆ. ನೀರಲ್ಲಿ ಬೆರಳು ಅದ್ದಿಕೊಂಡು ನಿಂತಿದ್ದ ಅವರ ಮುಖ ನನಗೆ ಇನ್ನೂ ನೆನಪಿದೆ. ಮಾರಿದವರಿಗೆ ಬರೆದ್ರೆ ಬಂದ ಉತ್ತರ: "ಇದು ಮಿನಿಮಲ್ ಡಿಸೈನ್ ಮೇಡಂ." ಅಮ್ಮನ ಬೆರಳು ಸುಡೋದಕ್ಕೆ ಇಟ್ಟ ಹೆಸರು ಅದು! ಅವತ್ತಿಂದ ಯಾವ ಅಂಗಡಿಗೆ ಹೋದ್ರೂ ನಾನು ಮೊದಲು ಮಾಡೋ ಕೆಲಸ ಬೋರಲು ಹಾಕಿ ನೋಡೋದು.

ಅಂದಹಾಗೆ, ಈ ಚಾನೆಲ್ಲಿಗೆ ಹೊಸದಾಗಿ ಬಂದಿದ್ರೆ ಸಬ್‌ಸ್ಕ್ರೈಬ್ ಆಗಿ. ಪ್ರತಿ ಭಾನುವಾರ ಮನೆಯ ಒಂದು ವಸ್ತು ಎತ್ತಿಕೊಂಡು ಹೀಗೇ ಮಾತಾಡ್ತೀವಿ. ಈಳಿಗೆಮಣೆ ಎಪಿಸೋಡ್ ನೋಡಿಲ್ಲ ಅಂದ್ರೆ ಇದಾದ ಮೇಲೆ ಅದನ್ನೇ ನೋಡಿ, ನನಗೆ ತುಂಬಾ ಇಷ್ಟವಾದದ್ದು.

ಹಸಾಮಿ ಸುಮಾರು 400 ವರ್ಷದಿಂದ ಪಾತ್ರೆ ಮಾಡ್ತಿರೋ ಊರು. ರಾಜರ ಮನೆಗಲ್ಲ, ದಿನದ ಊಟಕ್ಕೆ. ಎದೋ ಕಾಲದಲ್ಲಿ, ಅಂದ್ರೆ ಸುಮಾರು 1600ರಿಂದ 1868ರ ತನಕ, ಒಸಾಕಾ-ಕ್ಯೋತೊ ನಡುವಿನ ಯೋದೋ ನದಿಯಲ್ಲಿ ಜನ ದೋಣಿಯಲ್ಲಿ ಓಡಾಡ್ತಿದ್ರು. ಆ ದೋಣಿಗಳ ಪಕ್ಕಕ್ಕೆ ಸಣ್ಣ ದೋಣಿ ತಂದು ಊಟ ಮಾರೋರು ಕೂಗ್ತಿದ್ದದ್ದು "ಕುರಾವಾಂಕಾ", ಅಂದ್ರೆ "ತಿನ್ನಲ್ವೇನ್ರೋ" ಅಂತ. ಒರಟು ಮಾತು, ನಮ್ಮ ಸಂತೆ ಕೂಗಿನ ಹಾಗೆ. ಅವರು ಕೊಡ್ತಿದ್ದ ಅಗ್ಗದ ದಪ್ಪ ಬಟ್ಟಲಿಗೂ ಅದೇ ಹೆಸರು ಬಂತು, ಕುರಾವಾಂಕಾ ಬಟ್ಟಲು. ಹಸಾಮಿಯವರು ರಾಶಿ ರಾಶಿ ಮಾಡಿದ್ದು ಇದನ್ನೇ. ಮೇಲೆ ಕುಂಚದಲ್ಲಿ ಸರ್ರನೆ ಎಳೆದ ಒಂದೆರಡು ನೀಲಿ ಗೆರೆ. ತಳ ಮಾತ್ರ ದಪ್ಪ, ಭಾರ. ಯಾಕೆ? ದೋಣಿ ಅಲ್ಲಾಡುತ್ತೆ! ಬಟ್ಟಲು ಮಗುಚಬಾರದು! ಜಪಾನಿನ ಸರಳ ಪಾತ್ರೆ ಬಂದಿರೋದು ಹಸಿದ ಪ್ರಯಾಣಿಕರ ದೋಣಿಯಿಂದಲೂ ಹೌದು. ಎಲ್ಲದಕ್ಕೂ ಧ್ಯಾನ, ಶೂನ್ಯ, ಜೆನ್ ಅಂತ ಭಾಷಣ ಬಿಗಿಯೋರು ಇದನ್ನ ಹೇಳೋದೇ ಇಲ್ಲ. ಅವರೂ ಬೋರಲು ಹಾಕಿ ನೋಡಿದೋರಲ್ಲ.

ಈಗ ಒಬ್ಬರ ಹೆಸರು ಹೇಳಬೇಕು. ಮಸಾಹಿರೊ ಮೊರಿ, ಪಿಂಗಾಣಿ ಪಾತ್ರೆಗಳ ಡಿಸೈನರ್. ಮೊರಿ ಅಂದ್ರೆ ಅಲ್ಲಿ ಕಾಡು, ನಮ್ಮ ಮೋರಿ ಅಲ್ಲ. 1927ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ್ರು. 1956ರಲ್ಲಿ ಹಸಾಮಿಯ ಹಕುಸಾನ್ ಪಿಂಗಾಣಿ ಕಂಪನಿ ಸೇರಿದ್ರು. 1958ರಲ್ಲಿ ಮಾಡಿದ್ದು ಸೋಯಾ ಸಾಸ್ ಹಾಕೋ ಒಂದು ಪುಟ್ಟ ಹೂಜಿ. ಹಿಡಿಯಿಲ್ಲ. ಸೊಂಟ ಸಣ್ಣ, ಎರಡು ಬೆರಳಲ್ಲಿ ಎತ್ತಬಹುದು. ಬಗ್ಗಿಸಿದ್ರೆ ಬೇಕಾದಷ್ಟೇ ಬೀಳುತ್ತೆ, ನೆಟ್ಟಗೆ ಮಾಡಿದ್ರೆ ಕೊನೆಯ ಹನಿ ಮೂತಿಯಿಂದ ಒಳಕ್ಕೇ ಹೋಗುತ್ತೆ. ಹೊರಗೆ ಇಳಿಯಲ್ಲ! ನಮ್ಮ ಅಡುಗೆಮನೆಯ ಎಣ್ಣೆ ಡಬ್ಬದ ಕೆಳಗೆ ಜಿಡ್ಡಿನ ಉಂಗುರ ಇರುತ್ತಲ್ಲ, ಅದಕ್ಕೆ ಪೇಪರ್ ಹಾಕಿ ಹಾಕಿ ಸಾಕಾಗಿರೋ ಹೆಣ್ಣುಮಕ್ಕಳಿಗೆ ಈ ಒಂದು ಹನಿಯ ಬೆಲೆ ಗೊತ್ತು. 1960ರಲ್ಲಿ ಅದಕ್ಕೆ ಜಪಾನಿನ ಗುಡ್ ಡಿಸೈನ್ ಪ್ರಶಸ್ತಿ ಬಂತು. ಇವತ್ತಿಗೂ ಅದನ್ನ ಮಾಡ್ತಿದಾರೆ, ಜನ ಕೊಳ್ತಿದಾರೆ. ಒಂದು ಹನಿಗೋಸ್ಕರ ಮೂತಿ ತಿದ್ದಿದ ಮನುಷ್ಯನ ಕೆಲಸ ನಿಮ್ಮ ಕಣ್ಣಿಗೆ "ಏನೂ ಮಾಡದೆ ಬಿಟ್ಟಿದ್ದು"!

ಇದೇ ಮೊರಿ 1992ರಲ್ಲಿ ಹಿರಾಚಾವಾನ್ ಅಂತ ಅಗಲ ಬಾಯಿನ ಅನ್ನದ ಬಟ್ಟಲು ಮಾಡಿದ್ರು, ಸುಮಾರು 15 ಸೆಂಟಿಮೀಟರ್. ಆಕಾರ ಒಂದೇ, ಮೇಲಿನ ಚಿತ್ರ ಮಾತ್ರ ನೂರಕ್ಕೂ ಹೆಚ್ಚು ಬಗೆ. ಗೆರೆ, ಚುಕ್ಕಿ, ಎಲೆ, ಹೂವು. ಹೌದು ಸ್ವಾಮಿ, ಹೂವು! ನೀವು ಕೇಳಿದ ಹೂವು, ಬಳ್ಳಿ ಎಲ್ಲಾ ಇದೆ. ಸರಳ ಅಂದ್ರೆ ಬಿಳಿ ಅಂತ ಯಾರು ಹೇಳಿದ್ದು ನಿಮಗೆ? ಅಲ್ಲಿ ಮನೆಯಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಅನ್ನದ ಬಟ್ಟಲು ಇರುತ್ತೆ. ಚಿತ್ರ ಬೇಕಾದ್ದು ಆರಿಸ್ಕೋ, ಕೈಗೆ ಕೂರೋ ಆಕಾರವನ್ನ ಕೆಡಿಸಬೇಡ, ಅಷ್ಟೇ ಲೆಕ್ಕ.

ನಾನು ಹೋಗಿದ್ದ ಹಸಾಮಿಯಲ್ಲಿ ಅಚ್ಚು ಮಾಡೋರೇ ಬೇರೆ, ಅಚ್ಚಿಂದ ಹಸಿ ಬಟ್ಟಲು ತೆಗೆಯೋರೇ ಬೇರೆ, ಸುಡೋರೇ ಬೇರೆ. ಅಚ್ಚಿನ ಅಂಗಡಿಯಲ್ಲಿ ಒಬ್ಬ ಹಿರಿಯರು ಪ್ಲಾಸ್ಟರ್ ಮಾದರಿಯ ಬಾಯಂಚಿನ ಮೇಲೆ ಬೆರಳು ಸುತ್ತಿಸ್ತಾ ಕೂತಿದ್ರು, ಕಣ್ಣು ಮುಚ್ಚಿಕೊಂಡು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಬ್ಲೇಡಿಂದ ಒಂದೇ ಒಂದು ಸಲ ಹೆರೆದ್ರು, ಪುಡಿ ಊದಿದ್ರು, ಮತ್ತೆ ಕಣ್ಣು ಮುಚ್ಚಿದ್ರು. ನಾನು ನಿಂತು ನೋಡಿದ್ದು ಇಪ್ಪತ್ತು ನಿಮಿಷ, ಅವರು ಆ ಅಂಚು ಬಿಟ್ಟು ಬೇರೇನೂ ಮಾಡಲಿಲ್ಲ. ಪಿಂಗಾಣಿ ಆವಿಗೆಯಲ್ಲಿ ಸುಮಾರು 1300 ಡಿಗ್ರಿಯಲ್ಲಿ ಬೇಯೋವಾಗ ನೂರಕ್ಕೆ ಹತ್ತು ಹದಿನೈದರಷ್ಟು ಕುಗ್ಗುತ್ತೆ. ಅಂದ್ರೆ ಅವರು ತಿದ್ದುತ್ತಿದ್ದದ್ದು ಮುಂದೆ ಸಣ್ಣದಾಗಲಿರೋ ಬಟ್ಟಲನ್ನ. ಯಾರದೋ ತುಟಿಗೆ ತಗಲೋ ಅಂಚು ಎಷ್ಟು ಉಳಿಯುತ್ತೆ ಅಂತ ಬೆರಳಲ್ಲೇ ಲೆಕ್ಕ ಹಾಕ್ತಿದ್ರು. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ ಹೇಳ್ತೀನಿ.

ಇನ್ನು ಇನ್ನೊಂದು ಗುಂಪು. "ನಾವು ಕೈಲಿ ಉಣ್ಣೋರು, ನಮಗೆ ಇದೆಲ್ಲ ಯಾಕೆ?" ನಿಮ್ಮ ಮನೆಯ ಸ್ಟೀಲ್ ಲೋಟದ ಬಾಯಂಚು ಹೊರಕ್ಕೆ ಮಡಚಿರುತ್ತೆ ಅಲ್ವಾ? ಸುಡೋ ಕಾಫಿಯನ್ನ ಆ ಅಂಚಲ್ಲೇ ಹಿಡಿದು ಕುಡಿದು ಬೆಳೆದೋರು ಬಂದು, ಬಟ್ಟಲಿನ ಬಳೆ ಯಾಕೆ ಅಂತ ನನ್ನ ಕೇಳ್ತೀರಾ? ಒಂದು ಕಡೆ ಮೇಲಂಚು, ಇನ್ನೊಂದು ಕಡೆ ತಳ. ಎರಡೂ ಬೆರಳಿಗೋಸ್ಕರ!

"ದುಬಾರಿ" ಅಂತೀರಾ? ನಾನು ಕೊಳ್ಳಿ ಅಂದ್ನಾ? ನೋಡಿ ಅಂದೆ. ಬೋರಲು ಹಾಕಿ ನೋಡಿ ಅಂದೆ. ನೋಡೋಕೆ ದುಡ್ಡು ಕೊಡಬೇಕಾ?

"ಪ್ಲಾಸ್ಟಿಕ್ ಬಟ್ಟಲಲ್ಲೂ ಅನ್ನ ಉಣ್ಣಬಹುದಲ್ಲ?" ಉಣ್ಣಿ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಬರೆದಿಟ್ಟುಕೊಂಡೂ ಇಲ್ಲ. ಮೊದಲು ಅದನ್ನೂ ಬೋರಲು ಹಾಕಿ!

ಈ ಅನ್ನ ಆರ್ತಾ ಬಂತು, ನಿಲ್ಲಿಸ್ತೀನಿ. ಸದಸ್ಯರಾಗಿರೋರಿಗೆ ಹಸಾಮಿಯಲ್ಲಿ ತೆಗೆದ ಪೂರ್ತಿ ವಿಡಿಯೋ ಇವತ್ತು ರಾತ್ರಿ ಹಾಕ್ತೀನಿ, ಆ ಹಿರಿಯರ ಕೈ ಹತ್ತಿರದಿಂದ ಇದೆ. ಉಳಿದೋರೆಲ್ಲ ಒಂದು ಕೆಲಸ ಮಾಡಿ. ಈಗಲೇ ಎದ್ದು ಅಡುಗೆಮನೆಗೆ ಹೋಗಿ, ದಿನಾ ಊಟ ಮಾಡೋ ಬಟ್ಟಲು ತಗೊಳ್ಳಿ, ತಳದ ಫೋಟೋ ತೆಗೆದು ಕಳಿಸಿ. ಮೇಲಿನದ್ದು ಬೇಡ, ತಳದ್ದು. ಕಾಮೆಂಟ್ ಹಾಕಿದ್ರಲ್ಲ ಸ್ವಾಮಿ, ಮೊದಲನೇ ಫೋಟೋ ನಿಮ್ಮ ಮನೇದೇ ಬರಲಿ. ನಾನು ಕಾಯ್ತಿರ್ತೀನಿ.